ವೀಸಾ ಸಿಗದಿರಲಿ ದೇವರೇ

ಎಲ್ಲದಕ್ಕೂ ಕಾರಣ ಮಡಿವಾಳಪ್ಪ ತಲೆಯಾಡಿಸಿದ್ದು.

ಪೀಣ್ಯದ ಆ ಕಾರ್ಖಾನೆಯಲ್ಲಿ ಅವನು ಬಹಳ ವರ್ಷಗಳಿಂದ ಫಿಟ್ಟರ್. ಲೇತು, ಗ್ರೈಂಡರುಗಳ ಗದ್ದಲದಲ್ಲಿ ಅಲ್ಲಿ ಯಾರ ಮಾತೂ ಯಾರ ಕಿವಿಗೂ ಬೀಳುವುದಿಲ್ಲ. ಓನರ್ ಬಾಲಾಜಿ ಬಂದು ಬಾಯಾಡಿಸಿದರೆ ಮೊದಲು ತಲೆಯಾಡಿಸಿಬಿಡುವುದು, ಆಮೇಲೆ ಹೊರಗೆ ಬಂದು “ಏನಂದ್ರು ಸಾರು?” ಎಂದು ಜೊತೆಯವರನ್ನು ಕೇಳುವುದು ಅಲ್ಲಿನ ರೂಢಿ. ಶನಿವಾರವೂ ಹಾಗೆಯೇ ಆಯಿತು. ಮಡಿವಾಳಪ್ಪ ತಲೆಯಾಡಿಸಿ ಕೈ ತೊಳೆದು ಹೊರಗೆ ಬರುವಷ್ಟರಲ್ಲಿ ಜೊತೆಯವರು ಬಾಲಾಜಿ ತರಿಸಿದ್ದ ಜಿಲೇಬಿ ತಿಂದು ಬೆರಳು ನೆಕ್ಕುತ್ತಿದ್ದರು. ಕಾರ್ಖಾನೆಯಿಂದ ಕೀನ್ಯಾ ದೇಶಕ್ಕೆ ಹೋಗಿದ್ದ ಟೀ ಪುಡಿ ಪ್ಯಾಕಿಂಗ್ ಮೆಷಿನ್ನು ಅಲ್ಲಿ ಮುನಿಸಿಕೊಂಡು ನಿಂತಿತ್ತಂತೆ. ಅದನ್ನು ಸಮಾಧಾನ ಮಾಡಲು ವಿಮಾನ ಹತ್ತಿ ಹೋಗುವುದಕ್ಕೆ ಮಡಿವಾಳಪ್ಪ ಒಪ್ಪಿಕೊಂಡಿದ್ದಾನಂತೆ!

ಮಡಿವಾಳಪ್ಪನಿಗೆ ಎತ್ತರವೆಂದರೆ ಪ್ರಾಣಭಯ. ಟಿ. ದಾಸರಹಳ್ಳಿಯ ಅವನ ಮನೆಯಿಂದ ಮೆಟ್ರೊ ಸ್ಟೇಷನ್ ಕೂಗಳತೆಯಲ್ಲೇ ಇದ್ದರೂ, ಕಂಬಗಳ ಮೇಲೆ ಓಡುವ ಆ ರೈಲನ್ನು ಅವನು ಒಂದು ದಿನವೂ ಹತ್ತಿದವನಲ್ಲ. “ಆ ಏಸಿ ಗಾಳಿ ನಂಗಾಗಲ್ಲ ಕಣೇ, ಶೀತ ಹಿಡಿಯುತ್ತೆ” ಎಂದು ಹೆಂಡತಿಗೆ ಸುಳ್ಳು ಹೇಳಿ, ಬಸ್ಸಿನಲ್ಲಿ ಜೋತು ಬೀಳುತ್ತ ಹೋಗುತ್ತಿದ್ದ. ಮನೆ ಮೇಲಿನ ನೀರಿನ ಟ್ಯಾಂಕು ತೊಳೆಯುವ ದಿನ ಅವನಿಗೆ ತಪ್ಪದೆ ಸೊಂಟ ಹಿಡಿಯುತ್ತಿತ್ತು.

ಆಗಲ್ಲ ಎಂದುಬಿಡಬಹುದಿತ್ತು. ಆದರೆ ಅವನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಹೆಂಡತಿ ಅಂಜಿನಮ್ಮ ಬಾಗಿಲಲ್ಲಿ ನಿಂತು ಹೋಗುವವರು ಬರುವವರಿಗೆಲ್ಲ, “ನಮ್ಮನೆಯೋರು ಫಾರಿನ್‌ಗೆ ಹೋಗ್ತಾವ್ರೆ, ಇವರಿಲ್ದೆ ಆ ದೇಶದಾಗೆ ಮೆಷಿನ್ನೇ ತಿರುಗ್ತಿಲ್ವಂತೆ” ಎನ್ನುತ್ತಿದ್ದಳು. ಅವಳ ಮುಖ ಆಗ ತಾನೇ ಬೆಳಗಿದ ಹಿತ್ತಾಳೆ ದೀಪದ ಹಾಗಿತ್ತು. ಅಂಥ ಮುಖ ನೋಡಿಕೊಂಡು ‘ನಂಗೆ ಭಯ’ ಎಂದು ಹೇಳುವುದು ಹೇಗೆ?

ಉಳಿದಿದ್ದು ಒಂದೇ ದಾರಿ. ವೀಸಾ ಸಿಗಬಾರದು. ಅವರೇ ಬೇಡವೆಂದರೆ ತನ್ನ ತಪ್ಪೇನು? ಮಾನವೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ.

ಸೋಮವಾರ ಬೆಳಿಗ್ಗೆ ಬಾಲಾಜಿ ಫೋನ್ ಮಾಡಿ, “ಇವತ್ತು ರಜಾ ತಗೊಳ್ಳಿ ಮಡಿವಾಳಪ್ಪ. ಆನ್‌ಲೈನಲ್ಲಿ ವೀಸಾಗೆ ಹಾಕ್ಬಿಡಿ, ಎರಡು ಮೂರು ದಿನದಲ್ಲಿ ಬಂದ್ಬಿಡುತ್ತೆ” ಎಂದರು. ಮಡಿವಾಳಪ್ಪ ದೇವರ ಗೂಡಿನ ಮುಂದೆ ನಿಂತು, ‘ಸಿಗದಿರಲಿ ದೇವರೇ’ ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಅವನ ಬೆನ್ನಿಗೇ ನಿಂತಿದ್ದ ಅಂಜಿನಮ್ಮ, “ಸಿಗ್ಲಿ ಸ್ವಾಮಿ” ಎಂದು ಜೋರಾಗಿಯೇ ಕೈ ಮುಗಿದಳು. ದೇವರಿಗೂ ಅವತ್ತು ಪೀಕಲಾಟವೇ.

ಬೀದಿಯ ಕೊನೆಯ ಸೈಬರ್ ಸೆಂಟರು ವೇಣಿಯದು. ಆಧಾರು, ಪ್ಯಾನು, ಕರೆಂಟು ಬಿಲ್ಲು, ಏನೇ ಕೊಟ್ಟರೂ ಚಪಾತಿ ಲಟ್ಟಿಸಿದಷ್ಟು ಸಲೀಸಾಗಿ ಮುಗಿಸುವ ಹುಡುಗಿ. ಮಡಿವಾಳಪ್ಪನ ಹಿಂದೆ ಅಂಜಿನಮ್ಮ ಬಂದಳು. ಅವಳ ಹಿಂದೆ, ಯಾರೂ ಕರೆಯದಿದ್ದರೂ, ಪಕ್ಕದ ಮನೆಯ ನರಸಿಂಹಯ್ಯ ಬಂದರು. ಅವರು ಬಸ್ ಕಂಡಕ್ಟರಾಗಿ ರಿಟೈರಾದವರು. ಹತ್ತುವವರು ಇಳಿಯುವವರ ಜವಾಬ್ದಾರಿ ಇನ್ನೂ ತಮ್ಮದೇ ಎಂದುಕೊಂಡಿದ್ದರು.

“ಬೀದಿ ಮರ್ಯಾದೆ ಪ್ರಶ್ನೆ ಕಣಯ್ಯಾ. ನಮ್ಮ ಬೀದಿಯಿಂದ ಇಮಾನ ಹತ್ತೋರು ನೀನೇ ಮೊದಲು. ಒಂದಕ್ಷರ ತಪ್ಪಾಗಬಾರ್ದು, ನಾನು ನಿಂತು ನೋಡ್ಕೋತೀನಿ” ಎಂದು ಸ್ಟೂಲು ಎಳೆದು ಕೂತೇಬಿಟ್ಟರು.

ಮೊದಲಿಗೆ ಫೋಟೊ. ಹಿಂದೆ ಬಿಳಿ ಗೋಡೆ ಇರಬೇಕು, ಎರಡು ಕಿವಿಯೂ ಕಾಣಬೇಕು, ನಗಬಾರದು, ಕಣ್ಣು ಬಿಟ್ಟಿರಬೇಕು ಎಂದು ವೇಣಿ ನಿಯಮ ಓದಿದಳು. ಮಡಿವಾಳಪ್ಪನಿಗೆ ಬೇಕಾಗಿದ್ದೂ ಅದೇ. ಕ್ಯಾಮೆರಾ ಎತ್ತಿದಾಗಲೆಲ್ಲ ಕಣ್ಣು ಮುಚ್ಚಿದ.

“ಅಂಕಲ್, ಕಣ್ಣು!”

“ಏನ್ಮಾಡ್ಲಮ್ಮಾ, ಬೆಳಕು ಚುಚ್ಚುತ್ತೆ.”

ಆರೇಳು ಸಲ ಹೀಗಾದ ಮೇಲೆ ನರಸಿಂಹಯ್ಯ ಎದ್ದು ಬಂದು, ಅವನ ಕಿವಿಯ ಹತ್ತಿರ ಬಗ್ಗಿ, ತಮ್ಮ ಸರ್ವಿಸಿನಲ್ಲಿ ಮಲಗಿದ ಪ್ರಯಾಣಿಕರನ್ನು ಎಬ್ಬಿಸುತ್ತಿದ್ದ ಗಂಟಲಿನಲ್ಲಿ “ರೈಟ್!” ಎಂದು ಅರಚಿದರು. ಮಡಿವಾಳಪ್ಪನ ಕಣ್ಣು ಇಡ್ಲಿ ತಟ್ಟೆಯಷ್ಟಗಲ ತೆರೆದುಕೊಂಡಿತು. ವೇಣಿ ಕ್ಲಿಕ್ಕಿಸಿದಳು.

“ಸೂಪರ್ ಅಂಕಲ್! ವೀಸಾಗೇ ಹೇಳಿ ಮಾಡಿಸಿದ ಮುಖ.”

ಆಮೇಲೆ ಪಾಸ್‌ಪೋರ್ಟ್. ಬಹಳ ಹಿಂದೆ ಬಾಲಾಜಿಯ ತಂದೆ ಕಾರ್ಖಾನೆಯ ಹಳಬರಿಗೆಲ್ಲ ಮಾಡಿಸಿಕೊಟ್ಟಿದ್ದು ಅದು. ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ತಣ್ಣಗೆ ಮಲಗಿತ್ತು. ವೇಣಿ ಫೋಟೊ ಇರುವ ಪುಟ ತೆರೆದವಳು ಹಾಗೇ ಕೂತಳು. ಪುಟದ ನಾಲ್ಕು ಮೂಲೆಗೂ ಅರಿಶಿನ. ಮಡಿವಾಳಪ್ಪನ ಹಣೆಗೆ ಕುಂಕುಮ. ಕೆಳಗಡೆ ಯಂತ್ರ ಓದಬೇಕಾದ ಎರಡು ಸಾಲಿನ ಮೇಲೆ ಅಡ್ಡಡ್ಡ ಮೂರು ಗಂಧದ ಪಟ್ಟೆ.

“ಆಂಟಿ, ಇದೇನಿದು?”

“ಆಯುಧಪೂಜೆಗೆ ಸ್ಕೂಟರ್‌ಗೆ ಹಚ್ಚಲ್ವಾ? ಹಂಗೇ ನೆನ್ನೆ ಪೂಜೆ ಮಾಡ್ದೆ ಕಣಮ್ಮ. ದೂರದ ಪ್ರಯಾಣ ನೋಡು” ಎಂದಳು ಅಂಜಿನಮ್ಮ.

ವೇಣಿ ಸ್ಕ್ಯಾನ್ ಮಾಡಿ ಹಾಕಿದಳು. ಒಂದು ನಿಮಿಷ ಚಕ್ರ ತಿರುಗಿ, ಪುಟ ಸ್ಪಷ್ಟವಾಗಿಲ್ಲ ಎಂದು ಕಂಪ್ಯೂಟರು ಕೆಂಪು ಅಕ್ಷರದಲ್ಲಿ ಹೇಳಿತು. ಅಂಜಿನಮ್ಮನ ಕಣ್ಣಲ್ಲಿ ನೀರು ತುಂಬಿತು. “ಅಯ್ಯೋ, ನನ್ನ ಕೈಯಾರೆ ಕೆಡಿಸ್ಬಿಟ್ನಲ್ರೀ!”

ಮಡಿವಾಳಪ್ಪನಿಗೆ ಅವಳ ಕೈಯನ್ನು ಕಣ್ಣಿಗೊತ್ತಿಕೊಳ್ಳಬೇಕೆನಿಸಿತು. “ಅಳ್ಬೇಡ ಕಣೇ. ದೈವಸಂಕಲ್ಪ. ದೇವರಿಗೇ ಇಷ್ಟ ಇಲ್ಲ ಅಂದ್ರೆ ನಾವ್ಯಾರು?” ಎಂದು ಎದ್ದು ಚಪ್ಪಲಿ ಮೆಟ್ಟಿಕೊಂಡ.

“ಎಲ್ಲಿಗಯ್ಯಾ? ಕೂತ್ಕೋ” ಎಂದರು ನರಸಿಂಹಯ್ಯ. “ಮೂವತ್ತು ವರ್ಷ ಕುಂಕುಮ ಮೆತ್ತಿದ ನೋಟು ನೋಡಿದ್ದೀನಿ. ವೇಣಿ, ಬ್ರೆಡ್ ಐತಾ?”

ಪಕ್ಕದ ಬೇಕರಿಯಿಂದ ಬ್ರೆಡ್ ಬಂತು. ನರಸಿಂಹಯ್ಯ ಮೆತ್ತನೆಯ ತಿರುಳನ್ನು ಉಂಡೆ ಮಾಡಿ, ಹಸುಗೂಸಿನ ಮುಖ ಒರೆಸುವ ಹಾಗೆ ಪುಟವನ್ನು ಒರೆಸಿದರು. ಅರಿಶಿನ ಹೋಯಿತು, ಕುಂಕುಮ ಹೋಯಿತು, ಗಂಧವೂ ಹೋಯಿತು. ಪುಟಕ್ಕೆ ಹೊದಿಸಿದ್ದ ಪ್ಲಾಸ್ಟಿಕ್ಕು ಫಳಫಳ ಹೊಳೆಯಿತು. ಈ ಸಲ ಕಂಪ್ಯೂಟರು ತಕರಾರಿಲ್ಲದೆ ನುಂಗಿತು. ಮಡಿವಾಳಪ್ಪ ಚಪ್ಪಲಿ ಬಿಟ್ಟು ಮತ್ತೆ ಕೂತ.

“ಇಲ್ಲೊಂದು ಪ್ರಶ್ನೆ ಇದೆ ಅಂಕಲ್. ಯಾವಾಗ್ಲಾದ್ರೂ ಅಪರಾಧ ಮಾಡಿ ಶಿಕ್ಷೆ ಆಗಿದ್ಯಾ ಅಂತ. ಇಲ್ಲ ಅಂತ ಒತ್ತುತ್ತೀನಿ.”

“ತಡಿಯಮ್ಮಾ! ಹೌದು ಅಂದ್ರೆ ಏನಾಗುತ್ತೆ?”

“ವೀಸಾ ಸಿಗೋದು ಕಷ್ಟ.”

ಮಡಿವಾಳಪ್ಪ ಎದೆ ಸೆಟೆಸಿದ. “ಹಂಗಾದ್ರೆ ಹೌದು ಅಂತ ಒತ್ತು. ಸುಳ್ಳು ಬರೆಯೋದು ನನ್ನ ಕೈಲಾಗಲ್ಲ. ನಾನು ಕದ್ದಿದ್ದೀನಿ.”

“ಏನು ಕದ್ರಿ?” ಮೂವರೂ ಒಟ್ಟಿಗೆ ಕೇಳಿದರು.

ಎಷ್ಟು ತಡಕಾಡಿದರೂ ಅವನಿಗೆ ಬದುಕಿನಲ್ಲಿ ಒಂದು ಮೊಳೆ ಕದ್ದ ನೆನಪೂ ಬರಲಿಲ್ಲ. ಎದುರಿಗೆ ನರಸಿಂಹಯ್ಯ ಕೂತಿದ್ದರು. “ಕೋಳಿ. ಇವರ ಮನೇದು” ಎಂದುಬಿಟ್ಟ.

ವೇಣಿ ಕೀಬೋರ್ಡು ಬಿಟ್ಟು ಕುರ್ಚಿಯನ್ನು ಇತ್ತ ತಿರುಗಿಸಿದಳು.

“ಯುಗಾದಿ ಮಾರನೇ ದಿನ ಹೊಸತೊಡಕಿಗೆ ಕಾಣೆಯಾದ ಕೆಂಪು ಹುಂಜನಾ?” ಎಂದರು ನರಸಿಂಹಯ್ಯ, ಕ್ಷೀಣವಾಗಿ. “ನಾಯಿ ಹಿಡ್ಕೊಂಡು ಹೋಯ್ತು ಅಂದ್ಕೊಂಡಿದ್ವಲ್ಲಯ್ಯಾ!”

“ರೀ!” ಎಂದಳು ಅಂಜಿನಮ್ಮ. “ಅವತ್ತು ಮೈ ಸರಿ ಇಲ್ಲ ಅಂತ ನಾನು ಬರೀ ಸೊಪ್ಪಿನ ಸಾರು ಮಾಡಿದ್ದೆ. ಹುಂಜನ ಎಲ್ಲಿ ತಿಂದ್ರಿ? ಯಾರು ಮಾಡಿ ಬಡಿಸಿದ್ರು?”

ತಾನು ಸಿಕ್ಕಿಹಾಕಿಕೊಂಡಿದ್ದು ಇಷ್ಟು ಆಳಕ್ಕೆಂದು ಮಡಿವಾಳಪ್ಪನಿಗೆ ಆಗ ಹೊಳೆಯಿತು. “ಒಬ್ನೇ... ಕಾರ್ಖಾನೇಲಿ... ಸುಟ್ಕೊಂಡು” ಎಂದು ತೊದಲಿದ.

ನರಸಿಂಹಯ್ಯ ಮನಸ್ಸಿನಲ್ಲೇ ತೂಗಿ ನೋಡಿದರು. ಹುಂಜ ಒಂದು ಕಡೆ, ಬೀದಿಯ ಮರ್ಯಾದೆ ಇನ್ನೊಂದು ಕಡೆ. ಕೊನೆಗೆ ಬೀದಿಯೇ ಗೆದ್ದಿತು. “ಕೇಸ್ ಆಗಿಲ್ಲ, ಶಿಕ್ಷೆ ಆಗಿಲ್ಲ. ಹುಂಜದ ಓನರ್ ನಾನು, ಕ್ಷಮಿಸಿದ್ದೀನಿ. ಇಲ್ಲ ಅಂತ ಒತ್ತು ವೇಣಿ. ಆದ್ರೆ ನನ್ನ ಹೆಂಡ್ತಿ ಶಿವಲಿಂಗಮ್ಮನ ಕಿವಿಗೆ ಬೀಳೋದು ಬೇಡ. ಆ ಹುಂಜಕ್ಕೆ ಅವಳು ಕೈತುತ್ತು ಹಾಕಿದ್ಲು.”

ಮಡಿವಾಳಪ್ಪ ಸೋತು ಗೋಡೆಗೊರಗಿದ. ಕಳ್ಳನ ಹೆಸರೂ ಬಂತು, ವೀಸಾವೂ ಬರುತ್ತಿದೆ. ಇನ್ನೇನು ಮುಗಿಯಿತು ಎನ್ನುವಾಗ ವೇಣಿ ಪಾಸ್‌ಪೋರ್ಟಿನ ತಾರೀಖುಗಳನ್ನು ತುಂಬಿ, ಬಟನ್ ಒತ್ತಿದಳು. ಒತ್ತಿದವಳು ಹುಬ್ಬು ಗಂಟಿಕ್ಕಿದಳು. ಮತ್ತೊಮ್ಮೆ ಒತ್ತಿದಳು.

“ಅಂಕಲ್, ತಗೋತಿಲ್ಲ. ಆ ದೇಶಕ್ಕೆ ಕಾಲಿಟ್ಟ ದಿನದಿಂದ ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳು ಆಯಸ್ಸು ಇರಬೇಕಂತೆ. ನಿಮ್ಮದು ಅದಕ್ಕೆ ಮುಂಚೆನೇ ಮುಗಿದುಹೋಗುತ್ತೆ. ಇದಕ್ಕೆ ಮಾತ್ರ ನಾನೇನೂ ಮಾಡೋಕಾಗಲ್ಲ.”

“ಬ್ರೆಡ್ಡಿಂದ...?” ಎಂದರು ನರಸಿಂಹಯ್ಯ.

“ಆಗಲ್ಲ ತಾತಾ.”

ಮಡಿವಾಳಪ್ಪನ ಮೈಯೊಳಗೆ ಶನಿವಾರದಿಂದ ಬಿಗಿದಿದ್ದ ನಟ್ಟು ಬೋಲ್ಟುಗಳೆಲ್ಲ ಒಟ್ಟಿಗೆ ಸಡಿಲವಾದವು. ಮುಖ ಮಾತ್ರ ಕಷ್ಟಪಟ್ಟು ಬಾಡಿಸಿಕೊಂಡು ಅಲ್ಲಿಂದಲೇ ಬಾಲಾಜಿಗೆ ಫೋನ್ ಮಾಡಿದ. “ನನ್ನ ಹಣೇಲಿ ಬರ್ದಿಲ್ಲ ಸಾರ್” ಎಂದ.

“ಛೇ! ಹೊಸದು ಮಾಡಿಸಿ ಮತ್ತೆ ವೀಸಾ ಅಂದ್ರೆ ಅವರು ಕಾಯಲ್ಲ. ಇರಲಿ ಬಿಡಿ, ಬೇಜಾರು ಮಾಡ್ಕೋಬೇಡಿ. ಬೇರೆ ದಾರಿ ನೋಡ್ತೀನಿ” ಎಂದರು ಬಾಲಾಜಿ.

ಮನೆಗೆ ಹಿಂದಿರುಗುವಾಗ ಶಿವಲಿಂಗಮ್ಮ ಗೇಟಿನಲ್ಲಿ ನಿಂತು, ನರಿಯನ್ನು ನೋಡುವ ಹಾಗೆ ಅವನನ್ನು ನೋಡಿದರು. ಸುದ್ದಿ ಅಷ್ಟು ಬೇಗ ಬೀದಿ ದಾಟಿತ್ತು. ಮಡಿವಾಳಪ್ಪನಿಗೆ ಅದೂ ಭಾರವೆನಿಸಲಿಲ್ಲ. ಹೆಂಡತಿಗೆ ಒಂದು ಮೊಳ ಮಲ್ಲಿಗೆ ಕೊಂಡ. ಮಧ್ಯಾಹ್ನ ಗೊರಕೆ ಹೊಡೆದು ಮಲಗಿದ. ಕನಸಿನಲ್ಲಿಯೂ ನೆಲದ ಮೇಲೆಯೇ ಇದ್ದ.

ದೀಪ ಹಚ್ಚುವ ಹೊತ್ತಿಗೆ ಫೋನ್ ಬಂತು.

“ಮಡಿವಾಳಪ್ಪ, ಅದೃಷ್ಟ ಅಂದ್ರೆ ನಿಮ್ದು!” ಬಾಲಾಜಿ ಕುಣಿಯುವ ದನಿಯಲ್ಲಿದ್ದರು. “ಆ ಕೀನ್ಯಾದೋರಿಗೆ ಫೋನ್ ಮಾಡಿದ್ದೆ. ಅವರು ಇವತ್ತೇ ದಿಲ್ಲಿ ಎಕ್ಸಿಬಿಷನ್ನಿಗೆ ಹೊರಟವ್ರೆ. ನಮ್ಮ ದೇಶದ ವೀಸಾ ಅವರಿಗೆ ಆನ್‌ಲೈನಲ್ಲೇ ಆಗ್ಲೇ ಸಿಕ್ಕಿದೆಯಂತೆ. ಕೆಟ್ಟಿರೋ ಗೇರ್‌ಬಾಕ್ಸ್ ಬಿಚ್ಕೊಂಡು ಬನ್ನಿ ಅಂದೆ, ತರ್ತಾವ್ರೆ. ನೀವು ನಾಳೆ ಬೆಳಿಗ್ಗೆ ಫ್ಲೈಟಲ್ಲಿ ದಿಲ್ಲಿಗೆ ಹೋಗಿ ರಿಪೇರಿ ಮಾಡಿಕೊಡಿ.”

“ನಾಳೇನಾ? ಸಾರ್, ರೈಲಲ್ಲಿ ಹೋದ್ರೆ...”

“ರೈಲು ದಿಲ್ಲಿ ಮುಟ್ಟೋಷ್ಟ್ರಲ್ಲಿ ಅವರು ವಾಪಸ್ ನೈರೋಬಿ ಮುಟ್ಟಿರ್ತಾರೆ.”

“ಸಾರ್... ವೀಸಾ?”

“ದಿಲ್ಲಿಗೆ ಯಾವ ವೀಸಾ ಕಣ್ರೀ? ವೋಟರ್ ಕಾರ್ಡ್ ಸಾಕು!”

ಮಡಿವಾಳಪ್ಪ ಅಡಿಗೆಮನೆಯ ಹೊಸ್ತಿಲ ಮೇಲೆ ಕುಸಿದು ಕೂತ. ಮುದ್ದೆ ತಿರುವುತ್ತಿದ್ದ ಅಂಜಿನಮ್ಮ ಒಲೆ ಆರಿಸಿ ಓಡಿ ಬಂದಳು. ಅವಳು ಹಣೆ ಮುಟ್ಟಿ ನೋಡಿದ್ದೇ ತಡ, ಅವನಿಗೆ ತಡೆಯಲಾಗಲಿಲ್ಲ. ಎತ್ತರದ ಭಯ, ಮೆಟ್ರೊದ ಶೀತ, ಟ್ಯಾಂಕಿನ ಸೊಂಟನೋವು, ತಿನ್ನದ ಹುಂಜ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟ. ಬೈಯುತ್ತಾಳೆ, ನಗುತ್ತಾಳೆ ಎಂದು ಕಾದ. ಅವಳು ಎರಡನ್ನೂ ಮಾಡಲಿಲ್ಲ. ಸೆರಗಿನಿಂದ ಅವನ ಮುಖ ಒರೆಸಿದಳು.

“ಇಷ್ಟೇನಾ? ನಂಗೆ ಮೊದ್ಲೇ ಹೇಳ್ಬಾರ್ದಾ? ಹುಂಜನ ಯಾರೋ ಹೆಂಗಸು ಮಾಡಿ ಹಾಕವ್ಳೆ ಅಂತ ಮಧ್ಯಾಹ್ನದಿಂದ ನಾನು ಬೆಂದುಹೋಗಿದ್ದೆ. ಸದ್ಯ! ಫೋನ್ ಕೊಡಿ ಇಲ್ಲಿ, ಸಾರ್ ಹತ್ರ ನಾನು ಮಾತಾಡ್ತೀನಿ.”

ಅವಳು ಫೋನ್ ಹಿಡಿದು ಹಿತ್ತಲಿಗೆ ಹೋದಳು. ಮಾತು ತುಂಡುತುಂಡಾಗಿ ಕೇಳಿಬಂತು. “ಹೂಂ ಸಾರ್, ಭಯ... ಚಿಕ್ಕಮಕ್ಳಂಗೆ ಸಾರ್... ನಂಗೂ ಈಗ್ಲೇ ಗೊತ್ತಾಗಿದ್ದು... ಆಗುತ್ತಾ ಸಾರ್?... ಅಯ್ಯೋ, ದೊಡ್ಡ ಉಪಕಾರ ಆಯ್ತು ಸಾರ್!”

ಮಡಿವಾಳಪ್ಪ ಕಣ್ಣು ಮುಚ್ಚಿ ಉದ್ದಕ್ಕೆ ಉಸಿರು ಬಿಟ್ಟ. ಇಂಥ ಹೆಂಡತಿಗೆ ಇಷ್ಟು ವರ್ಷ ಸುಳ್ಳು ಹೇಳಿದೆನಲ್ಲ ಎನಿಸಿತು. ಎದೆಯ ಮೇಲಿನ ಬಂಡೆ ಇಳಿದ ಮೇಲೆ ಹೊಟ್ಟೆ ಹಸಿದಿರುವುದು ಗೊತ್ತಾಯಿತು. ತಾನೇ ತಟ್ಟೆ ಹಾಕಿಕೊಂಡು ಕೂತ. ಅವಳು ನಗುನಗುತ್ತ ಒಳಗೆ ಬಂದು ಬಿಸಿ ಮುದ್ದೆ ಬಡಿಸಿ, ಸಾರು ಬಿಟ್ಟಳು.

“ಸಾರ್ ಏನಂದ್ರು?” ಎಂದು ಮುದ್ದೆ ಮುರಿಯುತ್ತ ಕೇಳಿದ.

“ಒಳ್ಳೆ ಮನುಷ್ಯರು ಕಣ್ರೀ. ಪಾಪ, ನಂಗೆ ಗೊತ್ತೇ ಇರ್ಲಿಲ್ಲಮ್ಮ ಅಂತ ಎಷ್ಟು ನೊಂದ್ಕೊಂಡ್ರು ಗೊತ್ತಾ? ನಾನು ಕೇಳಿದ ತಕ್ಷಣ ಟಿಕೆಟ್ ಬದಲಾಯಿಸಿಬಿಟ್ರು.” ಅಂಜಿನಮ್ಮ ಎದುರಿಗೆ ಕೂತು, ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು. “ನಿಮಗೆ ಕಿಟಕಿ ಪಕ್ಕದ ಸೀಟೇ ಕೊಡಿಸವ್ರೆ. ದಿಲ್ಲಿವರೆಗೂ ಕೆಳಗೆ ನೋಡ್ತಾ ಕೂತಿದ್ರೆ ಭಯ ಎಲ್ಲಾ ಬಿಟ್ಟೋಗುತ್ತಂತೆ.”

ಮಡಿವಾಳಪ್ಪನ ಬೆರಳಿನಲ್ಲಿದ್ದ ಮುದ್ದೆಯ ತುತ್ತು ಜಾರಿ ಸಾರಿನೊಳಗೆ ಬಿದ್ದಿತು.