ಹೆಜ್ಜಾರ್ಲೆಗೆ ಮಡಿಲು ತುಂಬಿದ್ದು

ಮಳವಳ್ಳಿ ಸೀಮೆಯ ಹೊಳೆಯಲ್ಲಿರುವ ಮೊಸಳೆಗಳೆಲ್ಲ ನಾನು ಒಂದು ಶಿಳ್ಳೆ ಹಾಕಿದರೆ ಸಾಲಾಗಿ ದಡಕ್ಕೆ ಬಂದು ನಿಲ್ಲುತ್ತವೆ. ಸುಳ್ಳು ಬಿಡಿ. ನನ್ನ ಶಿಳ್ಳೆಗೆ ನಮ್ಮನೆ ನಾಯಿಯೂ ಕಿವಿ ಎತ್ತುವುದಿಲ್ಲ. ಆದರೆ ವ್ಯಾನು ತುಂಬ ಜನರನ್ನು ಕೂರಿಸಿಕೊಂಡು ಪ್ರಕೃತಿ ತೋರಿಸುವ ಗೈಡು ಇಷ್ಟಾದರೂ ಹೇಳದಿದ್ದರೆ ಹೇಗೆ? ನಾನು ಹೇಳುತ್ತೇನೆ, ಅದರಿಂದ ಏನಾದರೊಂದು ಆಗುತ್ತದೆ. ವಾರಕ್ಕೊಂದರಂತೆ ಆಗುತ್ತಲೇ ಇದೆ.

ವ್ಯಾನು ನನ್ನ ಬಾಮೈದನದು. ಓಡಿಸುವವನೂ ಅವನೇ. ಕಾರ್ತಿಕದ ಒಂದು ಭಾನುವಾರ ಬೆಳಿಗ್ಗೆ ಮದ್ದೂರು ರೈಲ್ವೆ ಸ್ಟೇಷನ್ನಿನ ಮುಂದೆ ನನ್ನನ್ನು ಪಕ್ಕಕ್ಕೆ ಕರೆದ.

"ಭಾವ, ಓದ್ವಾರ ಬಂದೋರು ಫೋನ್ ಮಾಡಿ ಉಗುದ್ರು. ಚಿರತೆ ಎಜ್ಜೆ ಅಂದ್ಬುಟ್ಟು ನಾಯಿ ಎಜ್ಜೆ ತೋರ್ಸಿದ್ಯಂತೆ. ಇವತ್ತು ಸಾಯಂಕಾಲ ಆ ಮೇಡಂ ಬಾಯಲ್ಲಿ 'ಗೈಡು ಸುಳ್ಗಾರ' ಅನ್ನೋ ಮಾತು ಬಂತೋ, ನಾಳೆಯಿಂದ ನನ್ನ ಗೊಬ್ಬರದ ಗೋಡೌನು ಕಾಯಕ್ಕೆ ಓಗು. ಅಕ್ಕ ಅತ್ರೂ ಕೇಳಾಕಿಲ್ಲ."

ಆ ಮೇಡಂ ಎಂದರೆ ನಿವೃತ್ತ ಹೆಡ್‌ಮಿಸ್ಟ್ರೆಸ್ಸು. ಬೆಂಗಳೂರಿನ ಒಂದು ವಾಕಿಂಗ್ ಸಂಘದ ಹನ್ನೆರಡು ಮಂದಿಯನ್ನು ಸಾಲು ಮಾಡಿಸಿ ರೈಲಿನಿಂದ ಇಳಿಸುತ್ತಿದ್ದರು. ಕೈಯಲ್ಲಿ ನೋಟ್‌ಬುಕ್ಕು, ಕಿವಿಯ ಮೇಲೆ ಪೆನ್ಸಿಲ್ಲು. ನನಗೆ ಗೋಡೌನಿನ ವಾಸನೆ ಅಲ್ಲೇ ಬಡಿಯಿತು. ಯೂರಿಯಾ ಮೂಟೆಗೆ ಎಂಥ ಕಥೆ ಹೇಳಿದರೂ ಅದು ಬಾಯಿ ಬಿಟ್ಟು ಕೇಳುವುದಿಲ್ಲ. ಇವತ್ತು ನಿಜ ಬಿಟ್ಟು ಬೇರೆ ಮಾತಿಲ್ಲ ಎಂದು ತೀರ್ಮಾನ ಮಾಡಿಕೊಂಡೆ. ಮದ್ದೂರು ದಾಟುವ ತನಕ ಆ ತೀರ್ಮಾನ ಗಟ್ಟಿಯಾಗಿಯೇ ಇತ್ತು.

ಕಬ್ಬಿನ ಹೂವು

ಸಂಘದಲ್ಲಿ ಟೋಪಿ ಹಾಕಿದ ಯಜಮಾನರೊಬ್ಬರಿದ್ದರು. "ಮಳೆಗಾಲ ಮುಗೀತಲ್ಲ, ಎಲೆ ಎಲ್ಲ ಕೆಂಪಗಾಗಿರೋ ಕಾಡು ಎಲ್ಲಿ ಬರುತ್ತೆ?" ಎಂದು ಕೇಳಿದರು. ನಮ್ಮ ಕಡೆ ಕೆಂಪಗಾಗುವುದು ಎಲೆಯಡಿಕೆ ಹಾಕಿದ ಬಾಯಿ ಮಾತ್ರ. ಮಳವಳ್ಳಿ ರಸ್ತೆಯಲ್ಲಿ ಒಂದು ಕಬ್ಬಿನ ಗದ್ದೆ ಪೂರಾ ಹೂ ಬಿಟ್ಟು, ಬೆಳ್ಳಗೆ ಚಾಮರ ಬೀಸಿದಂತೆ ತೂಗುತ್ತಿತ್ತು. ವ್ಯಾನು ನಿಲ್ಲಿಸಿದೆ. "ನೋಡಿ ಸರ್, ಈ ಹೂವಿಗೋಸ್ಕರವೇ ನಮ್ಮ ಜನ ಕಬ್ಬು ಹಾಕೋದು!"

ಹನ್ನೆರಡು ಜನವೂ ಇಳಿದು ಫೋಟೋ ತೆಗೆಯತೊಡಗಿದರು. ಬದುವಿನ ಮೇಲಿಂದ ಗದ್ದೆಯ ಗೌಡ ಎದ್ದು ಬಂದ.

"ಏನ್ ಸ್ವಾಮಿ, ಚೆಂದಾಗದಾ? ಕಡಿಯೋಕೆ ಮುಂಚೆ ಊವ ಬಂದ್ರೆ ಕಬ್ಬು ಬೆಂಡಾಯ್ತದೆ, ರಸ ಇರಾಕಿಲ್ಲ. ಮೂರ್ ದಿನದಿಂದ ಇದ ನೋಡಿ ನಂಗೆ ಮುದ್ದೆ ಇಳೀತಿಲ್ಲ. ನೀವು ನಕ್ಕಂಡು ಫೋಟ ಇಡೀತಾ ಇದ್ದೀರಾ!"

ಎಲ್ಲರ ಫೋನೂ ಜೇಬು ಸೇರಿತು. ಮೇಡಂ ನನ್ನ ಕಡೆ ತಿರುಗಿ ಕಿವಿಯಿಂದ ಪೆನ್ಸಿಲ್ಲು ಕೆಳಗಿಳಿಸಿದರು. ಬಾಮೈದ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ. ಗೌಡ ಹೆಗಲ ಮೇಲಿನ ಟವೆಲು ಕೈಗೆ ತೆಗೆದುಕೊಂಡ.

"ಯಾಕ್ ನಿಲ್ಸುದ್ರಿ? ಕಬ್ಬಂತೂ ಓಯ್ತು, ಫೋಟನಾದ್ರೂ ಚೆನ್ನಾಗಿ ಬರ್ಲಿ" ಎಂದು ಟವೆಲಿನಿಂದ ಮುಖ ಒರೆಸಿಕೊಂಡು ಹೂವಿನ ನಡುವೆ ಹೋಗಿ ನಿಂತ. "ಕೈಯಾಗೆ ಕುಡ್ಲು ಇಟ್ಕೊಳ್ಲಾ, ಬ್ಯಾಡ್ವಾ?"

ಹೊಳೆ ದಡದ ಮೊಸಳೆ

ಮಳವಳ್ಳಿ ದಾಟಿ ಹೊಳೆ ಹತ್ತಿರ ಹೋದೆವು. ನೀರು ತಿಳಿಯಾಗಿತ್ತು, ಬಿಸಿಲು ಹದವಾಗಿತ್ತು, ಎಲ್ಲ ಇತ್ತು. ಮೊಸಳೆ ಮಾತ್ರ ಇರಲಿಲ್ಲ. ಹನ್ನೆರಡು ಜನ ಅರ್ಧ ಗಂಟೆ ಉಸಿರು ಬಿಗಿಹಿಡಿದು ಕಾದರು. ಆ ಮುಖಗಳನ್ನು ನೋಡಲಾಗಲಿಲ್ಲ. ಆಚೆ ದಡದಲ್ಲಿ ಅರ್ಧ ನೀರಲ್ಲಿ, ಅರ್ಧ ಮರಳಲ್ಲಿ ಒಂದು ಮತ್ತಿಮರದ ದಿಮ್ಮಿ ಬಿದ್ದಿತ್ತು.

"ಶ್! ಅಲ್ನೋಡಿ" ಎಂದೆ. ಅಷ್ಟೇ ಅಂದದ್ದು. ಮೊಸಳೆ ಅಂತ ನನ್ನ ಬಾಯಲ್ಲಿ ಬರಲೇ ಇಲ್ಲ, ಬೇಕಾದರೆ ನೋಟ್‌ಬುಕ್ಕು ನೋಡಿ.

"ಅಬ್ಬಾ, ಹದಿನೈದು ಅಡಿ ಇದೆ!" ಎಂದರು ಟೋಪಿ ಯಜಮಾನರು.

"ಅಲ್ಲಾಡ್ತಾನೇ ಇಲ್ವಲ್ಲ?" ಎಂದರು ಮೇಡಂ.

"ಹೊಟ್ಟೆ ತುಂಬಿರ್ಬೇಕು ಮೇಡಂ."

ಅಷ್ಟರಲ್ಲಿ ಮೀನು ಹಿಡಿಯುವವನೊಬ್ಬ ಆಚೆ ದಡದಲ್ಲಿ ಹರಿಗೋಲಿನಿಂದಿಳಿದು, ನೇರವಾಗಿ ಹೋಗಿ ದಿಮ್ಮಿಯ ಮೇಲೆ ಕೂತು ಬೀಡಿ ಹಚ್ಚಿದ. ಹೆಂಗಸರು ಚೀರಿದರು: "ಅಪ್ಪಾ, ಎದ್ದೇಳಪ್ಪಾ! ಓಡು!" ಅವನು ಎದ್ದ. ಹಿಂದೆ ನೋಡಿದ, ಮುಂದೆ ನೋಡಿದ, ಕೂತಿದ್ದ ಜಾಗವನ್ನು ಟವೆಲಿನಿಂದ ಒಂದು ಸಲ ಝಾಡಿಸಿ ಮತ್ತೆ ಆರಾಮಾಗಿ ಕೂತ.

ಎಲ್ಲರೂ ನನ್ನ ಮುಖ ನೋಡಿದರು.

"ನೋಡಿ ಮೇಡಂ, ನಮ್ಮ ಮಳವಳ್ಳಿ ಕಡೆ ಗಂಡಸರ ಧೈರ್ಯ!"

ತವರಿಗೆ ಬಂದ ಹಕ್ಕಿ

ಮೇಡಂ ನಗಲಿಲ್ಲ. ನೋಟ್‌ಬುಕ್ಕಿನಲ್ಲಿ ಏನೋ ಬರೆದು ಅಡಿಗೆರೆ ಎಳೆದರು. ಉಳಿದದ್ದು ಕೊಕ್ಕರೆಬೆಳ್ಳೂರು ಒಂದೇ. ಅಲ್ಲಿ ಕೊಕ್ಕಿಗೆ ಚೀಲ ಜೋತುಬಿದ್ದ ಹೆಜ್ಜಾರ್ಲೆ ಹಕ್ಕಿಗಳು, ಅಂದರೆ ಪೆಲಿಕನ್‌ಗಳು, ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಊರಿನವರು ಅವನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅನ್ನುತ್ತಾರೆ. ಇದು ನಿಜ, ನನ್ನ ಮಾತು ನಂಬದಿದ್ದರೆ ಬೇರೆ ಯಾರನ್ನಾದರೂ ಕೇಳಿ.

ಆದರೆ ಹಿಂದಿನ ದಿನ ಫೋನಿನಲ್ಲಿ, ಬರುವಾಗ ಏನೇನು ತರಬೇಕು ಎಂದು ಮೇಡಂ ಕೇಳಿದ್ದಾಗ, ಆ ನಿಜಕ್ಕೆ ನಾನೊಂದು ಬಾಲ ಸೇರಿಸಿದ್ದೆ. "ಬಸುರಿ ಹೆಣ್ಮಗಳನ್ನ ನೋಡೋಕೆ ಬರಿಗೈಲಿ ಹೋಗಬಾರದು ಮೇಡಂ. ಹೆಜ್ಜಾರ್ಲೆಗೆ ಮಡಿಲು ತುಂಬೋ ಪದ್ಧತಿ ಇದೆ." ತಮಾಷೆಗೆ ಅಂದದ್ದು. ವ್ಯಾನಿನಿಂದ ಇಳಿಯುತ್ತಿದ್ದಂತೆ ಹನ್ನೆರಡು ಜನರ ಚೀಲದಿಂದಲೂ ರವಿಕೆ ಕಣ, ಬಳೆ, ಕೊಬ್ಬರಿ, ಬೆಲ್ಲ ಹೊರಗೆ ಬಂದವು.

ದೊಡ್ಡ ಹುಣಸೆ ಮರವಿದ್ದದ್ದು ಒಬ್ಬ ಅಜ್ಜಿಯ ಹಿತ್ತಲಲ್ಲಿ. ನಾನು ಮುಂದೆ ಓಡಿದೆ.

"ಅಜ್ಜಿ, ನಿನ್ ಕಾಲಿಗೆ ಬೀಳ್ತೀನಿ. ಆ ಮೇಡಂ ಏನ್ ಕೇಳುದ್ರೂ ಊಂ ಅಂದ್ಬುಡು. ಇಲ್ದಿದ್ರೆ ನನ್ ಕೆಲ್ಸ ಓಯ್ತದೆ."

"ಲೇ, ಸುಳ್ ಯೋಳಕ್ಕೆ ಈ ವಯಸ್ನಲ್ಲಿ ನಾನೇ ಸಿಕ್ಕುದ್ನೇನ್ಲಾ?"

ಅಷ್ಟರಲ್ಲಿ ಮೇಡಂ ತಟ್ಟೆ ಹಿಡಿದು ಬಂದೇಬಿಟ್ಟರು. ಹಿಂದೆ ಬಾಮೈದ, ಗೋಡೌನಿನ ಬೀಗದ ಕೈ ಬೆರಳಲ್ಲಿ ತಿರುಗಿಸುತ್ತ. "ಅಜ್ಜಿ, ಹಕ್ಕಿಗೆ ಮಡಿಲು ತುಂಬೋದು ಅಂತಾರಲ್ಲ, ನಿಜವಾ?"

ಅಜ್ಜಿ ನನ್ನನ್ನು ನೋಡಿದಳು. ಆಮೇಲೆ ತಟ್ಟೆಯಲ್ಲಿದ್ದ ಹನ್ನೆರಡು ರವಿಕೆ ಕಣಗಳನ್ನು ನೋಡಿದಳು.

"ನಿಜ ಕಣವ್ವ."

ನನಗೆ ಹೋದ ಜೀವ ಬಂತು.

"ಬಸುರಿ ಎಂಗ್ಸು ಗೂಡು ಬುಟ್ಟು ಇಳಿಯಂಗಿಲ್ಲ. ಅವ್ಳ ಬದ್ಲು ಎತ್ತವ್ವ ಈಸ್ಕೋಬೇಕು" ಎಂದು ಅಜ್ಜಿ ಕೂತು ಸೆರಗು ಒಡ್ಡಿದಳು. ಹನ್ನೆರಡು ಜನ ಭಕ್ತಿಯಿಂದ ಮಡಿಲು ತುಂಬಿದರು. ಒಬ್ಬರು ಸೋಬಾನೆ ಬೇರೆ ಹಾಡಿದರು. ಎಲ್ಲ ಗಂಟು ಕಟ್ಟಿಕೊಂಡ ಮೇಲೆ ಅಜ್ಜಿ ನನ್ನ ಕಡೆ ಬೆರಳು ತೋರಿಸಿದಳು.

"ಈ ಬಡ್ಡೈದ ಅರ್ಧ ಮಾತ್ರ ಯೋಳವ್ನೆ. ಕರ್ಕಂಡ್ ಬಂದೋನು ಬಸುರಿಗೆ ಅಣ್ಣ ಆಯ್ತಾನೆ. ಅಣ್ಣ ಆದೋನು ತಲೆ ಮ್ಯಾಲೆ ಬಟ್ಟೆ ಇಲ್ದಂಗೆ ಮರದ ಬುಡದಲ್ಲಿ ಕುಂತ್ಕೋಬೇಕು. ತಂಗಿ ಮ್ಯಾಲಿಂದ ಆಸೀರ್ವಾದ ಮಾಡೋಗಂಟ ಏಳಂಗಿಲ್ಲ."

ಇಲ್ಲ ಅನ್ನಲೇ? ಅಂದರೆ ನನ್ನ ಪದ್ಧತಿಯೂ ಸುಳ್ಳಾಗುತ್ತದೆ. ಬಾಮೈದ ನೋಡುತ್ತಿದ್ದಾನೆ, ಮೇಡಂ ಹೊಸ ಹಾಳೆ ತಿರುವಿದ್ದಾರೆ. ಹೋಗಿ ಕೂತೆ. ಮೇಲೆ ಐದು ಗೂಡು, ಹತ್ತು ಹೆಜ್ಜಾರ್ಲೆ, ಒಂದೊಂದೂ ದಿನಕ್ಕೆ ಸೇರುಗಟ್ಟಲೆ ಮೀನು ನುಂಗುವಂಥದ್ದು. ಹೆಚ್ಚು ಹೊತ್ತು ಕಾಯಬೇಕಾಗಲಿಲ್ಲ. ನನ್ನ ತಂಗಿಯ ಆಶೀರ್ವಾದ ನೆತ್ತಿಯ ಮೇಲೆ ಬಿದ್ದು, ಹುಬ್ಬು ದಾಟಿ, ಮೀಸೆಯ ಹತ್ತಿರ ಎರಡು ಕವಲಾಗಿ ಇಳಿಯಿತು. ಹನ್ನೆರಡು ಜನ ಚಪ್ಪಾಳೆ ತಟ್ಟಿದರು.

ಸಾಯಂಕಾಲ ಸ್ಟೇಷನ್ನಿನಲ್ಲಿ ಮೇಡಂ ಬಾಮೈದನಿಗೆ ಹೇಳಿದರು: "ಆ ಮೊಸಳೆ ವಿಷಯ ನನಗೆ ಅನುಮಾನ ಇತ್ತು. ಆದರೆ ಪದ್ಧತಿಗಾಗಿ ಅಷ್ಟನ್ನು ಮುಖದ ಮೇಲೆ ತಗೊಂಡ ಮನುಷ್ಯ ಸುಳ್ಳು ಹೇಳೋಕೆ ಸಾಧ್ಯವೇ ಇಲ್ಲ."

ಕೆಲಸ ಉಳಿಯಿತು. ಉಳಿದದ್ದೇ ತೊಂದರೆ. ಮೇಡಂ ಫೋಟೋಗಳನ್ನು ಊರಿಗೆಲ್ಲ ಕಳಿಸಿದ್ದಾರೆ. ಈಗ ಬರುವವರಿಗೆ ಕಬ್ಬಿನ ಹೂ ಬೇಡ, ಹೊಳೆ ಬೇಡ, "ಅಣ್ಣ ಕೂರೋ ಶಾಸ್ತ್ರ ಎಷ್ಟೊತ್ತಿಗೆ?" ಎನ್ನುತ್ತಾರೆ. ಬಾಮೈದ ಅದನ್ನು ವ್ಯಾನಿನ ಮೇಲೇ ಬರೆಸಿದ್ದಾನೆ. ಅಜ್ಜಿ ನನಗೆಂದು ಮರದ ಬುಡದಲ್ಲಿ ಒಂದು ಚಪ್ಪಡಿ ಹಾಕಿಸಿದ್ದಾಳೆ, ಸರಿಯಾಗಿ ಗೂಡಿನ ಕೆಳಗೆ.

ಈಗಲೂ ಅಲ್ಲಿಂದಲೇ ಬರುತ್ತಿದ್ದೇನೆ. ಇವತ್ತು ತಂಗಿ ಗುರಿಯಿಟ್ಟು ಅಂಗಿ ಜೇಬಿಗೇ ಆಶೀರ್ವಾದ ಮಾಡಿದ್ದಾಳೆ, ಕೈ ಹಾಕುವ ಹಾಗಿಲ್ಲ. ನಾನು ಕುಡಿದ ಈ ಟೀ ದುಡ್ಡು ಸ್ವಲ್ಪ ನೀವೇ ಕೊಟ್ಟುಬಿಡಿ.