ಸಿಸಿಲಿ ದ್ವೀಪಕ್ಕೊಂದು ಪ್ರದಕ್ಷಿಣೆ

ಎರಡು ಸಾವಿರದ ಹದಿನಾಲ್ಕನೆಯ ಇಸವಿಯಲ್ಲಿ ನನಗೆ ನಲವತ್ತಮೂರು ವರ್ಷ. ಇಸವಿಯನ್ನೂ ವಯಸ್ಸನ್ನೂ ಮೊದಲೇ ಹೇಳಿಬಿಡುವುದು ನನ್ನ ಹಳೆಯ ಅಭ್ಯಾಸ. ಹಾಳೆಯ ಮೇಲೆ ದಿನಾಂಕ ಹಾಕದೆ ಉತ್ತರ ಬರೆಯಲು ಹೊರಟ ಮಕ್ಕಳನ್ನು ನಾನು ಎಂದೂ ಕ್ಷಮಿಸಿದವನಲ್ಲ. ನ್ಯಾಮತಿಯ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತೊಂದು ವರ್ಷ ಕನ್ನಡ ಕಲಿಸಿ, ಗಂಟಲು ಕೈಕೊಟ್ಟ ಮೇಲೆ ಸ್ವಯಂ ನಿವೃತ್ತಿ ಪಡೆದು ಈಗ ಹೊನ್ನಾಳಿಯ ಮನೆಯಲ್ಲಿ ಕುಳಿತವನು ನಾನು. ನನ್ನ ತರಗತಿಯಲ್ಲಿ ಯಾರು ಎಲ್ಲಿ ಕೂರಬೇಕೆಂಬುದಕ್ಕೆ ಒಂದು ನಕ್ಷೆಯಿರುತ್ತಿತ್ತು. ಜೂನ್ ತಿಂಗಳಲ್ಲಿ ಗೋಡೆಗೇರಿದ ಆ ನಕ್ಷೆ ಮರುವರ್ಷದ ಏಪ್ರಿಲ್‌ವರೆಗೆ ಒಂದಕ್ಷರವೂ ಬದಲಾಗುತ್ತಿರಲಿಲ್ಲ. ಪಾಠದ ನಡುವೆ ಕಿಟಕಿಯಾಚೆ ನೋಡುತ್ತ ಕನಸು ಕಾಣುವವರಿಗೆ ಮಾತ್ರ ವಿನಾಯಿತಿ. ಅವರನ್ನು ಎಬ್ಬಿಸಿ ನೇರವಾಗಿ ಹಿಂದಿನ ಬೆಂಚಿಗೆ ಕಳಿಸುತ್ತಿದ್ದೆ. ಇಂಥ ಮನುಷ್ಯ ಪ್ರವಾಸ ಹೊರಡಲು ಮನಸ್ಸು ಮಾಡಿದರೆ ಏನಾಗಬಹುದೆಂಬುದನ್ನು ಓದುಗರು ಈಗಾಗಲೇ ಊಹಿಸಿರಬಹುದು. ಆದರೂ ಕ್ರಮವಾಗಿಯೇ ಹೇಳುತ್ತೇನೆ.

ಆ ವರ್ಷ ಹೊನ್ನಾಳಿಯ ಬಟ್ಟೆ ಅಂಗಡಿಯವರೊಬ್ಬರು ಕೊಟ್ಟ ಕ್ಯಾಲೆಂಡರಿನಲ್ಲಿ ದೇವರ ಪಟಗಳ ಬದಲು ದೇಶದೇಶಗಳ ನೋಟಗಳಿದ್ದವು. ಮೇ ತಿಂಗಳ ಪಾಲಿಗೆ ಬಂದದ್ದು ಒಂದು ರಸ್ತೆ. ಒಂದು ಮಗ್ಗುಲಿಗೆ ಬಿಳಿಯ ಬಂಡೆ, ಇನ್ನೊಂದು ಮಗ್ಗುಲಿಗೆ ನೀಲಿಗೆ ನೀಲಿಯೇ ಬೆರೆತಂತಿದ್ದ ಸಮುದ್ರ. ತಿರುವಿನಲ್ಲಿ ಹಣ್ಣು ಬಿಟ್ಟ ಒಂದು ನಿಂಬೆಯ ಗಿಡ. ನನ್ನ ಹೆಂಡತಿ ಗಿರಿಜ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಬಂದು ಅದರ ಮುಂದೆ ನಿಂತಳು.

"ಈ ರಸ್ತೆ ಎಲ್ಲೈತ್ರೀ?"

ಗೊತ್ತಿಲ್ಲವೆಂದು ಒಪ್ಪಿಕೊಳ್ಳುವುದು ಶಿಕ್ಷಕರ ಬಾಯಿಗೆ ಸುಲಭವಾಗಿ ಬರುವ ಮಾತಲ್ಲ. ಚಿತ್ರದ ಕೆಳಗೆ ಇರುವೆಸಾಲಿನಂತಿದ್ದ ಅಕ್ಷರಗಳನ್ನು ಕನ್ನಡಕ ಏರಿಸಿ ಓದಿ, ಹುಟ್ಟಿದಂದಿನಿಂದ ಬಲ್ಲವನಂತೆ ಹೇಳಿದೆ: "ಸಿಸಿಲಿ. ಇಟಲಿ ದೇಶದ ಪಾದದ ಬಳಿ ಇರುವ ದ್ವೀಪ. ಸುತ್ತಲೂ ಮೆಡಿಟರೇನಿಯನ್ ಸಮುದ್ರ."

"ಸುತ್ತ ರಸ್ತೆ ಐತಾ?"

"ಇದ್ದೇ ಇರುತ್ತದೆ."

"ಹಂಗಾದ್ರೆ ಕಾರಿನಾಗೆ ಒಂದು ಸುತ್ತು ಹಾಕ್ಕಂಡು ಬರಾಣ."

ಗಿರಿಜ ಜಗಳೂರಿನವಳು. ಸಮುದ್ರವನ್ನು ಅವಳು ಅದುವರೆಗೆ ಕಂಡಿರಲಿಲ್ಲ. ಅಷ್ಟಕ್ಕೇ ಆಸೆಯಿದ್ದರೆ ಕಾರವಾರಕ್ಕೆ ಹೋಗಿ ಬರೋಣವೆಂದೆ. "ಅಲ್ಲಿ ಸಮುದ್ರ ಒಂದೇ ಕಡೆ ಐತೆ. ಸುತ್ತಾಕೆ ಬರಲ್ಲ," ಎಂದಳು. ವಾದದಲ್ಲಿ ಲೋಪವಿರಲಿಲ್ಲ. ಜೂನ್ ತಿಂಗಳು ಮುಗಿಯುವುದರೊಳಗೆ ಹತ್ತು ವರ್ಷ ಬಾಳುವ ಎರಡು ಪಾಸ್‌ಪೋರ್ಟುಗಳು ನಮ್ಮ ಕಪಾಟಿಗೆ ಬಂದವು. ಮೇ ತಿಂಗಳ ಹಾಳೆಯನ್ನು ಗಿರಿಜ ನಾಜೂಕಾಗಿ ಹರಿದು ತನ್ನ ಪಾಸ್‌ಪೋರ್ಟಿನೊಳಗೆ ನಾಲ್ಕು ಮಡಿಕೆ ಮಾಡಿ ಇಟ್ಟಳು.

ನಾನು ಯೋಜನೆಗೆ ಕುಳಿತೆ. ಡ್ರಾಯಿಂಗ್ ಶೀಟಿನ ಮೇಲೆ ದ್ವೀಪವನ್ನು ಬರೆದು ಊಟದ ಮೇಜಿನ ಎದುರಿನ ಗೋಡೆಗೆ ಅಂಟಿಸಿದೆ. ಪಲೆರ್ಮೊ, ಮೆಸ್ಸಿನಾ, ಕತಾನಿಯಾ, ಸಿರಾಕೂಸಾ, ಅಗ್ರಿಜೆಂತೊ ಎಂದು ಊರುಗಳ ಹೆಸರನ್ನು ಗುಂಡಗಿನ ಅಕ್ಷರದಲ್ಲಿ ಬರೆದೆ. ಮೆಸ್ಸಿನಾದಿಂದ ಕತಾನಿಯಾಕ್ಕೆ ಹೆಚ್ಚುಕಡಿಮೆ ಚನ್ನಗಿರಿಯಿಂದ ಜಗಳೂರಿಗೆ ಹೋದಷ್ಟು ದೂರವೆಂದು ಲೆಕ್ಕ ಹಾಕಿದ ದಿನ ಆ ದ್ವೀಪ ಥಟ್ಟನೆ ನಮ್ಮ ಸೀಮೆಗೆ ಸೇರಿಬಿಟ್ಟಿತು. ಆಗಿನ್ನೂ ಕೆಲಸದಲ್ಲಿದ್ದ ನಾನು ಶಾಲೆಗೆ ಹೋಗುವ ಬಸ್ಸಿನಲ್ಲಿ ಹೊನ್ನಾಳಿಯ ಸೇತುವೆ ದಾಟುವಾಗ ಕೆಳಗಿದ್ದ ತುಂಗಭದ್ರೆ ಉಪ್ಪಾಗುತ್ತಿದ್ದಳು. ನ್ಯಾಮತಿಯ ಸಂತೆಯಲ್ಲಿ ಟೊಮೆಟೊ ರಾಶಿಯ ಪಕ್ಕ ನಿಂತಾಗ ಯಾವುದೋ ಬಂದರಿನ ಗಂಟೆ ಕೇಳಿಸಿದಂತಾಗುತ್ತಿತ್ತು. ಬೇಸಿಗೆಯಲ್ಲಿ ಗಿರಿಜಳ ತಂಗಿ ಸರೋಜಳ ಮನೆಗೆಂದು ಜಗಳೂರಿಗೆ ಹೋಗುವಾಗ, ದೂರದ ಡಾಂಬರಿನ ಮೇಲೆ ಬಿಸಿಲು ನೀರಾಗಿ ನಿಲ್ಲುತ್ತದಲ್ಲ, ಅದನ್ನು ನೋಡುತ್ತ ನಾವಿಬ್ಬರೂ ಮುಂದಕ್ಕೆ ಬಾಗಿ ಕೂರುತ್ತಿದ್ದೆವು. ನಾವು ಮುಂದೆ ಹೋದಂತೆ ಅದು ಹಿಂದೆ ಸರಿಯುತ್ತಿತ್ತು. ಆ ನೀರಿನ ಅಂಚಿನಲ್ಲಿ ಒಂದು ನಿಂಬೆಯ ಗಿಡವನ್ನು ನಾನು ಸ್ಪಷ್ಟವಾಗಿ ಕಂಡಿದ್ದೇನೆ. ತರಗತಿಯಲ್ಲಿ ಮಕ್ಕಳಿಗೆ ನಿಷೇಧಿಸಿದ್ದ ಕೆಲಸವನ್ನು ಬಸ್ಸಿನಲ್ಲಿ ನಾನೇ ಮಾಡುತ್ತಿದ್ದೇನೆಂಬುದು ಆಗ ಹೊಳೆಯಲಿಲ್ಲ.

ಯೋಜನೆಯ ಮೊದಲ ಕರಡು ಸಿದ್ಧವಾದಾಗ ಎರಡು ವರ್ಷ ಕಳೆದಿತ್ತು. ಅದನ್ನು ಗಿರಿಜಳ ಮುಂದೆ ಓದಿದೆ. ಕ್ರಿಯಾಪದಗಳೆಲ್ಲ ಭವಿಷ್ಯತ್ಕಾಲದಲ್ಲಿದ್ದವು: ಇಳಿಯುವೆವು, ಹೊರಡುವೆವು, ತಲುಪುವೆವು. ಆ ದೇಶದಲ್ಲಿ ವಾಹನಗಳು ರಸ್ತೆಯ ಬಲಕ್ಕೆ ಓಡುತ್ತವೆ, ಸ್ಟೇರಿಂಗು ಎಡಕ್ಕಿರುತ್ತದೆ. ಆದ್ದರಿಂದ ದ್ವೀಪವನ್ನು ಎಡಸುತ್ತಾಗಿ ಸುತ್ತಿದರೆ ಸಮುದ್ರ ನಮ್ಮ ಬಲಕ್ಕೆ, ಅಂದರೆ ಅವಳ ಕಿಟಕಿಯ ಬುಡಕ್ಕೇ ಬರುತ್ತದೆಂದು ವಿವರಿಸಿದೆ. ನಕ್ಷೆಯ ಬದಿಯಲ್ಲಿ ಕಾರಿನದೊಂದು ಚಿತ್ರ ಬರೆದು, ಮುಂದಿನ ಎಡಸೀಟಿನ ಮೇಲೆ 'ನಾನು' ಎಂದೂ ಬಲಸೀಟಿನ ಮೇಲೆ 'ಗಿರಿಜ' ಎಂದೂ ನಮೂದಿಸಿದ್ದೆ. ಅವಳು ಬೆರಳಿನಿಂದ ದ್ವೀಪವನ್ನು ಒಮ್ಮೆ ಸುತ್ತಿದಳು. ಬೆರಳು ಎಟ್ನಾ ಎಂಬ ಜ್ವಾಲಾಮುಖಿಯ ಹತ್ತಿರ ನಿಂತಿತು.

"ಇದೇನ್ರೀ ಇದು, ಕೆಂಪಗೆ?"

"ಬೆಂಕಿ ಉಗುಳುವ ಪರ್ವತ. ಈಗಲೂ ಉಗುಳುತ್ತದೆ."

"ಅಯ್ಯೋ! ಅದನ್ನ ಎಡಕ್ಕೆ ಬಿಟ್ಕಂಡು ಸುತ್ತಾಕೆ ಹೊಂಟೀರಲ್ರೀ! ನಾಗರಕಟ್ಟೆ ಸುತ್ತಾಕೂ ಬಲಕ್ಕಿಟ್ಕಂಡೇ ಸುತ್ತತೀವಿ. ಜೀವಂತ ಬೆಂಕಿಗೆ ಅಪ್ರದಕ್ಷಿಣೆ ಹಾಕಿ ಕ್ಷೇಮವಾಗಿ ಮನಿಗೆ ಬಂದವರು ಯಾರಿದಾರೆ?"

ತೊಡಕು ಹುಟ್ಟಿದ್ದು ಅಲ್ಲಿ. ಪ್ರದಕ್ಷಿಣವಾಗಿ ಹೋದರೆ ಪರ್ವತ ಬಲಕ್ಕೆ ಬರುತ್ತದೆ, ಶಾಸ್ತ್ರ ಉಳಿಯುತ್ತದೆ. ಆದರೆ ಸಮುದ್ರ ನನ್ನ ಕಿಟಕಿಗೆ ಬರುತ್ತದೆ. ಸ್ಟೇರಿಂಗು ಹಿಡಿದವನು ಸಮುದ್ರ ನೋಡತೊಡಗಿದರೆ ಇಬ್ಬರೂ ಅದರೊಳಗೇ ಇಳಿಯಬೇಕಾದೀತು. ಅವಳಿಗೆ ಸಾವಿರ ಕಿಲೋಮೀಟರುಗಳ ಉದ್ದಕ್ಕೂ ಬಂಡೆ, ಬೇಲಿ, ಗೋಡೆ. ಅಪ್ರದಕ್ಷಿಣವಾಗಿ ಹೋದರೆ ಅವಳಿಗೆ ಸಮುದ್ರ ಸಿಗುತ್ತದೆ, ಆದರೆ ದಾರಿಯುದ್ದಕ್ಕೂ ಕಣ್ಣು ಮುಚ್ಚಿ ತಪ್ಪೊಪ್ಪಿಕೊಳ್ಳುತ್ತ ಕುಳಿತಿರುತ್ತಾಳೆ. "ಎರಡೂ ಆಗಬೇಕು ರೀ," ಎಂದಳು ಗಿರಿಜ. "ಸಮುದ್ರಾನೂ ನೋಡಬೇಕು, ಬೆಟ್ಟಕ್ಕೂ ಸರಿಯಾಗಿ ನಡ್ಕಾಬೇಕು. ನೀವು ಇಷ್ಟು ಓದೀರಿ, ಏನಾರ ಮಾಡ್ರಿ."

ಓದಿದವನಾದ್ದರಿಂದ ನಾನು ತಜ್ಞರನ್ನು ವಿಚಾರಿಸಿದೆ. ನಮ್ಮ ಬೀದಿಯ ಈಶ್ವರನ ಗುಡಿಯ ಪೂಜಾರಿ ಶಿವಯ್ಯನವರು ನಕ್ಷೆಯ ಮುಂದೆ ಕುಳಿತು, ಎರಡು ಲೋಟ ಕಾಫಿ ಮುಗಿಸಿದರು. ಆಮೇಲೆ, "ಮೇಷ್ಟ್ರೇ, ಬೆಂಕಿ ಐತೆ, ಬೂದಿ ಐತೆ, ಸುತ್ತ ನೀರೈತೆ. ಇದು ಈಶ್ವರನೇ. ಈಶ್ವರಂಗೆ ಪೂರಾ ಸುತ್ತು ಹಾಕಾಕಿಲ್ಲ ಗೊತ್ತಲ್ಲ? ಅಭಿಷೇಕದ ನೀರು ಹೊರಗೆ ಹೋಗೋ ಗೋಮುಖ ದಾಟಬಾರದು. ಅಲ್ಲೀತನಕ ಹೋಗಿ, ಹೋದ ದಾರೀಲೇ ವಾಪಸ್ ಬರ್ರಿ. ಹೋಗೋವಾಗ ಬೆಟ್ಟ, ಬರೋವಾಗ ಅಮ್ಮಾರಿಗೆ ಸಮುದ್ರ," ಎಂದರು.

ಪರಿಹಾರ ಎಷ್ಟು ಅಂದವಾಗಿತ್ತೆಂದರೆ ನನಗೆ ಅಸೂಯೆಯೇ ಆಯಿತು. ಆದರೆ ಒಂದು ಸಣ್ಣ ಪ್ರಶ್ನೆ ಉಳಿಯಿತು: ಸಿಸಿಲಿಯ ಗೋಮುಖ ಎಲ್ಲಿದೆ? ಅರ್ಧ ದ್ವೀಪ ಬಿಟ್ಟು ಹಿಂದಿರುಗುವುದಾದರೆ ಎಲ್ಲಿಂದ ಹಿಂದಿರುಗುವುದು? ಪರ್ವತದಿಂದ ಇಳಿಯುವ ಹಳ್ಳಗಳನ್ನೂ ಹೊಳೆಗಳನ್ನೂ ಒಂದೊಂದಾಗಿ ಹಿಡಿದು ಸಮುದ್ರದವರೆಗೆ ನೀಲಿ ಪೆನ್ಸಿಲಿನಲ್ಲಿ ಎಳೆದೆ. ನೀರು ಉತ್ತರಕ್ಕೆ ಹರಿದು ಹೋಗಬೇಕೆಂದು ಶಿವಯ್ಯನವರು ಹೇಳಿದ್ದರು. ನನ್ನ ಹೊಳೆಗಳು ಪೂರ್ವಕ್ಕೆ ಹೋಗುತ್ತಿದ್ದವು. ಹೀಗೆ ಹೊಳೆಗಳ ಹಿಂದೆ ತಿರುಗುತ್ತಿರುವಾಗಲೇ ನನ್ನ ಗಂಟಲು ಕೆಟ್ಟಿತು, ಕೆಲಸ ಬಿಟ್ಟೆ, ಎರಡು ವರ್ಷ ಲೋಕವೇ ಬಾಗಿಲು ಹಾಕಿಕೊಂಡು ಕುಳಿತಿತು. ಬಾಗಿಲು ತೆರೆದಾಗ ನಾನು ಏಳನೆಯ ಕರಡಿನಲ್ಲಿದ್ದೆ. ಹಿಂದಿನ ಆರೂ ಕರಡುಗಳನ್ನು ಕೆಂಪು ಶಾಯಿಯಲ್ಲಿ ನಾನೇ ತಿದ್ದಿದ್ದೆ. ಶುದ್ಧಪ್ರತಿ ಆಗದೆ ಮನೆಯ ಹೊಸ್ತಿಲು ದಾಟುವ ಮಾತೇ ಇರಲಿಲ್ಲ.

ಸರೋಜ ಜಗಳೂರಿನಿಂದ ಬಂದಾಗಲೆಲ್ಲ ಗೋಡೆಯ ಕಡೆ ನೋಡಿ, "ಭಾವ, ನಿಮ್ಮ ದ್ವೀಪ ಇನ್ನೂ ಐತಾ? ನಾನು ಮುಳುಗೇ ಹೋತೇನೋ ಅಂದ್ಕಂಡಿದ್ದೆ," ಎನ್ನುತ್ತಿದ್ದಳು. ನಾನು ನಗುತ್ತಿದ್ದೆ. ಗಿರಿಜ ಮೊದಮೊದಲು ನಗುತ್ತಿದ್ದಳು, ಬರಬರುತ್ತ ನಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಅವಳು ಕಪಾಟಿನಿಂದ ನನ್ನ ಪಾಸ್‌ಪೋರ್ಟು ತೆಗೆದು, ಒಂದೂ ಮುದ್ರೆಯಿಲ್ಲದ ಪುಟಗಳನ್ನು ತಿರುವುತ್ತಿದ್ದಳು. ಖಾಲಿ ಉತ್ತರಪತ್ರಿಕೆಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಯಾವುದೂ ಅಷ್ಟು ಚುಚ್ಚಿರಲಿಲ್ಲ.

"ಬರೋ ಜೂನಿಗೆ ಇದರ ಅವಧಿ ಮುಗೀತೈತೆ," ಎಂದಳು. "ನನ್ನ ಮೊಣಕಾಲಿಂದೂ ಹೆಚ್ಚು ದಿನ ಉಳಿದಂಗಿಲ್ಲ. ನಿಮ್ಮ ಗೋಮುಖ ಸಿಗೋತನಕ ಇವೆರಡೂ ಕಾಯ್ತಾವೇನ್ರೀ?"

ಉತ್ತರ ಗೊತ್ತಿಲ್ಲದಾಗ ಶಿಕ್ಷಕರು ಮಾಡುವುದನ್ನೇ ನಾನೂ ಮಾಡಿದೆ: ಒಂದು ಪ್ರಯೋಗ ಇಟ್ಟುಕೊಳ್ಳೋಣವೆಂದೆ. ಚನ್ನಗಿರಿಯ ಕಡೆಗೆ ಹೋಗಿ ಸೂಳೆಕೆರೆಯನ್ನು ನಮ್ಮ ಹಳೆಯ ಕಾರಿನಲ್ಲಿ ಪ್ರದಕ್ಷಿಣವಾಗಿ ಸುತ್ತುವುದು, ನೀರು ಅವಳ ಕಡೆಗಿಲ್ಲದಿದ್ದರೆ ಮನಸ್ಸಿಗೆ ಎಷ್ಟು ಕೊರತೆಯಾಗುತ್ತದೆಂದು ಅಳೆಯುವುದು. ದಾರಿಯಲ್ಲಿ ಅವಳಿಗೆ ತತ್ತ್ವ ವಿವರಿಸಿದೆ. ದ್ವೀಪವೆಂದರೆ ನೀರಿನ ನಡುವೆ ನೆಲ, ಕೆರೆಯೆಂದರೆ ನೆಲದ ನಡುವೆ ನೀರು. ಅಲ್ಲಿ ವಾಹನ ಬಲಕ್ಕೆ, ಇಲ್ಲಿ ಎಡಕ್ಕೆ. ಎರಡು ನಿಷೇಧಗಳು ಸೇರಿದರೆ ಒಂದು ಸಮ್ಮತಿಯಾಗುವಂತೆ, ಈ ಎರಡು ವಿರುದ್ಧಗಳು ಸೇರಿ ಇಲ್ಲಿಯೂ ನೀರು ಚಾಲಕನ ಕಡೆಗೇ ಬರುತ್ತದೆ. ಗಿರಿಜ "ಹ್ಞೂಂ" ಎಂದಳು. ಆ "ಹ್ಞೂಂ" ಕೇಳಿದವರಿಗೆ ಆ ಹತ್ತು ವರ್ಷಗಳ ನನ್ನ ಸಂಸಾರ ಅರ್ಥವಾಗುತ್ತದೆ.

ಕೆರೆ ಕಂಡಿತು. ಆಚೆಯ ದಡ ಮಂಜಿನಲ್ಲಿ ಕರಗಿಹೋಗಿ, ನೀರು ಆಕಾಶಕ್ಕೆ ನೇರವಾಗಿ ಹತ್ತಿದಂತಿತ್ತು. ಮೀನುಗಾರರ ಒಂದು ತೆಪ್ಪ ಎಲ್ಲಿಯೂ ತಾಗದೆ ತೇಲುತ್ತಿತ್ತು. ಒಂದು ಕ್ಷಣ ನಾನು ಚನ್ನಗಿರಿ ತಾಲ್ಲೂಕಿನಲ್ಲಿರಲಿಲ್ಲ. ಗಾಳಿಯಲ್ಲಿ ನಿಂಬೆಯ ವಾಸನೆಯಿತ್ತು. ಎದುರಿಗೆ ಬಂದ ಟ್ರ್ಯಾಕ್ಟರಿನವನು ಹಾರನ್ ಒತ್ತಿ, "ಯಜಮಾನ್ರೇ, ಕೆರೆ ಎಲ್ಲಿಗೂ ಓಡಿ ಹೋಗಲ್ಲ, ರಸ್ತೆ ನೋಡ್ರೀ!" ಎಂದು ಕೂಗಿದಾಗ ಹಿಂತಿರುಗಿ ಬಂದೆ. ಪಕ್ಕದಲ್ಲಿ ಗಿರಿಜ ಎಡಗಡೆಯ ಭತ್ತದ ಗದ್ದೆಯನ್ನು ನೋಡುತ್ತ, ಆಗಾಗ ನನ್ನ ಮೂಗಿನ ಆಚೆಗೆ ಕತ್ತು ಚಾಚಿ ಕೆರೆ ನೋಡಲು ಹೆಣಗುತ್ತಿದ್ದಳು.

ಕೆರೆಬಿಳಚಿಯಲ್ಲಿ ಚಹಾಕ್ಕೆ ನಿಲ್ಲಿಸಿದೆ. ಕುಡಿದು ಮುಗಿಸಿ, ಪುಸ್ತಕದಲ್ಲಿ ಪ್ರಯೋಗದ ಫಲಿತಾಂಶ ಬರೆದುಕೊಂಡು ಕಾರಿಗೆ ಬಂದರೆ ಪಕ್ಕದ ಸೀಟು ಖಾಲಿ. ಗಿರಿಜ ಹಿಂದಿನ ಸೀಟಿನಲ್ಲಿ, ಸರಿಯಾಗಿ ನನ್ನ ಬೆನ್ನ ಹಿಂದೆ, ಕಿಟಕಿಯ ಗಾಜಿಳಿಸಿ, ಮೇ ತಿಂಗಳ ಹಾಳೆಯನ್ನು ತೊಡೆಯ ಮೇಲೆ ಬಿಡಿಸಿಕೊಂಡು ಕುಳಿತಿದ್ದಳು.

"ಅಲ್ಲೇಕೆ ಕುಳಿತೆ?"

"ಇಲ್ಲಿ ಕುಂತ್ರೆ ನೀರು ನನ್ನ ಕಿಟಕೀಗೇ ಬರತೈತೆ. ಸುತ್ತೂ ಸರಿಯಾಗಿ ಆಗತೈತೆ. ಅಲ್ಲೂ ಹಿಂಗೇ ನಿಮ್ಮ ಹಿಂದೆ ಕುಂತ್ರೆ ಆತಪ್ಪ. ಹೊಂಡ್ರಿ."

ನಾನು ಹೊರಡಲಿಲ್ಲ. ಕೈ ಸ್ಟೇರಿಂಗಿನ ಮೇಲೆಯೇ ಇತ್ತು. ಏಳು ಕರಡುಗಳು, ನೀಲಿ ಪೆನ್ಸಿಲಿನ ಅಷ್ಟೂ ಹೊಳೆಗಳು, ಶಿವಯ್ಯನವರ ಎರಡು ಲೋಟ ಕಾಫಿ ಕಣ್ಣ ಮುಂದೆ ಹಾದುಹೋದವು. ಕಾರಿನ ಚಿತ್ರದಲ್ಲಿ ಮುಂದಿನ ಬಲಸೀಟಿನ ಮೇಲೆ 'ಗಿರಿಜ' ಎಂದು ನಾನು ಬರೆದಿದ್ದೆ. ಒಮ್ಮೆ ಬರೆದ ಮೇಲೆ ಅವಳು ಅಲ್ಲಿಂದ ಏಳಬಹುದೆಂಬ ಯೋಚನೆಯೇ ನನಗೆ ಬಂದಿರಲಿಲ್ಲ.

"ಇದನ್ನು ಮೊದಲೇ ಹೇಳಬಾರದಿತ್ತೇ?" ಎಂದೆ, ಸೋತ ದನಿಯಲ್ಲಿ.

"ನೀವು ಜಾಗ ಬರೆದು ಗೋಡೆಗೆ ಅಂಟಿಸೀರಿ. ಎದ್ರೆ ಬೈತೀರೇನೋ ಅಂತ ಸುಮ್ಕಿದ್ದೆ," ಎಂದಳು. ಮೇ ತಿಂಗಳ ಹಾಳೆಯನ್ನು ಮಡಿಸುತ್ತ, "ಇನ್ನೊಂದು ಮಾತು. ನನ್ನ ಪಾಸ್‌ಪೋರ್ಟು ಹೋದ ದಸರಾದಾಗೇ ಹೊಸದಾತು. ಸರೋಜನ ಜೊತಿಗೆ ಹೋಗಿ ಮಾಡಿಸ್ಕಂಡೆ. ನಿಮ್ಮದೊಂದು ಬಾಕಿ ಐತೆ. ನಾವು ಅರ್ಜಿ ತುಂಬಿದ್ರೆ ತಪ್ಪು ಹಿಡೀತೀರಿ ಅಂತ ಬಿಟ್ಟೀವಿ. ಮೇ ತಿಂಗಳಿಗೆ ಹೊಂಡಾದೇ. ಏಪ್ರಿಲ್ ಒಳಗೆ ನಿಮ್ಮದು ಬಂದ್ರೆ ನೀವು ಕಾರು ಓಡಿಸ್ರಿ, ಬರದಿದ್ರೆ ಸರೋಜ ಲೈಸೆನ್ಸ್ ತಗಂಡಾಳೆ," ಎಂದಳು.

ನಾನು ಕಾರು ಹೊರಡಿಸಿದೆ. ಕನ್ನಡಿಯಲ್ಲಿ ಅವಳ ಮುಖ ಕಾಣುತ್ತಿತ್ತು. ಗದ್ದವನ್ನು ಕಿಟಕಿಯ ಅಂಚಿಗಿಟ್ಟು, ಗಾಳಿಗೆ ಕಣ್ಣು ಕಿರಿದು ಮಾಡಿಕೊಂಡು ನೀರನ್ನೇ ನೋಡುತ್ತಿದ್ದಳು. ಆ ಮುಖವನ್ನು ನಾನು ಬಲ್ಲೆ. ಇಪ್ಪತ್ತೊಂದು ವರ್ಷ ಅಂಥ ಮುಖಗಳನ್ನು ಹುಡುಕಿ ಹುಡುಕಿ ಎಬ್ಬಿಸಿ ಹಿಂದಿನ ಬೆಂಚಿಗೆ ಕಳಿಸಿದ್ದೇನೆ, ಶಿಕ್ಷೆಯೆಂದು ತಿಳಿದು. ಹೊರಗಿನ ಲೋಕ ಅಲ್ಲಿಂದಲೇ ಚೆನ್ನಾಗಿ ಕಾಣುತ್ತದೆಂದು ಅವರಲ್ಲಿ ಒಬ್ಬರಾದರೂ ನನಗೆ ಹೇಳಲಿಲ್ಲ. ಹೇಳಿದ್ದರೆ ಅಲ್ಲಿಂದಲೂ ಎಬ್ಬಿಸುತ್ತಿದ್ದೆನೆಂಬುದು ಅವರಿಗೆ ಗೊತ್ತಿತ್ತು. ಮನೆಗೆ ಬಂದವನೇ ಏಳನೆಯ ಕರಡಿನಲ್ಲಿದ್ದ ಕಾರಿನ ಚಿತ್ರದಲ್ಲಿ ಒಂದು ಹೆಸರನ್ನು ಕೆಂಪು ಶಾಯಿಯಿಂದ ಹೊಡೆದುಹಾಕಿ, ನನ್ನ ಹೆಸರಿನ ಹಿಂದಿನ ಸೀಟಿನಲ್ಲಿ ಬರೆದೆ. ಆಮೇಲೆ ಪಾಸ್‌ಪೋರ್ಟಿನ ಅರ್ಜಿ ತುಂಬಲು ಕುಳಿತೆ. ನನ್ನ ಆತುರದಲ್ಲಿ ಎರಡು ತಪ್ಪುಗಳಾದವು, ಎರಡನ್ನೂ ಗಿರಿಜಳೇ ಹಿಡಿದಳು. ಅಂದು ಎರಡು ಸಾವಿರದ ಇಪ್ಪತ್ತನಾಲ್ಕನೆಯ ಇಸವಿ, ಫೆಬ್ರವರಿ ಹನ್ನೊಂದು, ಭಾನುವಾರ.