ಕಂಪ್ಯೂಟರ್ ಕೋಣೆಯ ಬಾಗಿಲಾಚೆ ನನ್ನ ಹೊಟ್ಟೆಕಿಚ್ಚು

ಹೊಟ್ಟೆಕಿಚ್ಚಿನವರು ನಗೆಪಾಟಲಾಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ವಿಳಾಸ ಕೇಳಿಕೊಂಡು ಮನೆಗೆ ಬರುತ್ತವೆ. ನನ್ನ ಬಳಿಗಂತೂ ಎಂಬತ್ತರ ದಶಕದಲ್ಲಿ ಸಾಲುಸಾಲಾಗಿ ಬಂದವು.

ಆಗ ನಾನು ದಾಂಡೇಲಿಯ ಒಂದು ಕಾರ್ಖಾನೆಯಲ್ಲಿ ಟೈಪಿಸ್ಟ್. ಪಕ್ಕದ ಕುರ್ಚಿಯ ಗೆಳತಿಯೂ ನಾನೂ ಒಂದೇ ದಿನ ಕೆಲಸಕ್ಕೆ ಸೇರಿದವರು. ಅದೇ ಊರಿನ ಅಂಬೇವಾಡಿಯಲ್ಲಿ ಒಂದೇ ಗೋಡೆಯ ಆಚೆ ಆಕೆಯ ಮನೆ, ಈಚೆ ನಮ್ಮದು. ಕಾರ್ಖಾನೆಗೆ ಕಂಪ್ಯೂಟರ್ ಬಂತು. ಅದಕ್ಕೆಂದೇ ಮಾಡಿಸಿದ ಕೋಣೆಗೆ ನಮ್ಮಿಬ್ಬರಲ್ಲಿ ಒಬ್ಬರು ಬೇಕೆಂದರು. ಆಕೆಯನ್ನು ಆರಿಸಿದರು. ನನ್ನನ್ನು ಯಾಕೆ ಬಿಟ್ಟರೆಂದು ನಾನು ಯಾರನ್ನೂ ಕೇಳಲಿಲ್ಲ. ಎರಡು ದಿನ ಊಟ ಮಾತ್ರ ಸೇರಲಿಲ್ಲ.

ಮೇ ತಿಂಗಳ ಸ್ವೆಟರ್

ಮೇ ತಿಂಗಳು. ನಮ್ಮ ವಿಭಾಗದಲ್ಲಿ ಫ್ಯಾನು ಬಿಸಿಗಾಳಿಯನ್ನೇ ತಿರುವಿ ಹಾಕುತ್ತಿತ್ತು. ಊಟದ ಹೊತ್ತಿಗೆ ಆಕೆ ಕಂಪ್ಯೂಟರ್ ಕೋಣೆಯಿಂದ ಸ್ವೆಟರ್ ಹಾಕಿಕೊಂಡೇ ಹೊರಗೆ ಬಂದಳು.

"ಯಾಕ, ಜ್ವರ ಬಂದಾವೇನ?" ಅಂದೆ.

"ಇಲ್ಲವಾ, ಒಳಗ ಎಸಿ ಐತೆಲ್ಲ, ಭಾಳ ಥಂಡಿ," ಅಂದಳು.

ಆ "ಭಾಳ ಥಂಡಿ" ನನಗೆ ಮುಳ್ಳಿನಂತೆ ಚುಚ್ಚಿತು. ಮರುದಿನ ನಾನೂ ಸ್ವೆಟರ್ ಹಾಕಿಕೊಂಡು ಹೋದೆ. ನಾನೂ ಒಳಗೆ ಹೋಗಿ ಬರುವವಳೆಂದು ನೋಡಿದವರು ತಿಳಿಯಲಿ ಎಂಬ ಆಸೆ. ಹನ್ನೊಂದಕ್ಕೆಲ್ಲ ಬೆವರು ಕಾಗದದ ಮೇಲೆ ತೊಟ್ಟಿಕ್ಕತೊಡಗಿತು. ಹೆಡ್ ಕ್ಲಾರ್ಕ್ ಗಾಬರಿಯಾಗಿ ನನ್ನನ್ನು ದವಾಖಾನೆಗೆ ಕಳಿಸಿದರು. ಅಲ್ಲಿಯ ಕಂಪೌಂಡರ್ ಏನೂ ಕೇಳದೆ ಒಂದು ಬಾಟಲಿ ಕಹಿ ಔಷಧ ಕೊಟ್ಟ. ಮೂರು ದಿನ, ಹೆಡ್ ಕ್ಲಾರ್ಕರ ಕಣ್ಣೆದುರಿಗೇ, ಮೂರು ಹೊತ್ತು ಕುಡಿದೆ.

ಟೈಪ್‌ರೈಟರಿನ ಶಾಕ್

ಚಳಿಗಾಲ ಬಂತು. ಕಂಪ್ಯೂಟರ್ ಕೋಣೆಯಲ್ಲಿ ಯಾರು ಏನು ಮುಟ್ಟಿದರೂ ಚಟಕ್ ಎಂದು ಕಿಡಿ ಹೊಡೆಯತೊಡಗಿತು. ಕಬ್ಬಿಣದ ಕಪಾಟು ಮುಟ್ಟಿದರೆ ಚಟಕ್, ಬಾಗಿಲ ಹಿಡಿಕೆ ಮುಟ್ಟಿದರೆ ಚಟಕ್. ನಡುನಡುವೆ ಯಂತ್ರವೂ ನಿಂತುಬಿಡುತ್ತಿತ್ತು. ಮುಂಬಯಿಯಿಂದ ಬಂದ ಇಂಜಿನಿಯರ್ ನೋಡಿ, "ಈ ಕಾರ್ಪೆಟ್ಟಿಗೂ ನಿಮ್ಮ ನೈಲಾನ್ ಬಟ್ಟೆಗೂ ತಿಕ್ಕಾಟವಾಗಿ ಮೈಯಲ್ಲೇ ಕರೆಂಟ್ ಹುಟ್ಟುತ್ತಿದೆ. ಕಾರ್ಪೆಟ್ ತೆಗೆಸಿ, ಇಲ್ಲವೇ ಬಟ್ಟೆ ಬದಲಿಸಿ," ಅಂದ. ಕಾರ್ಪೆಟ್ ದೊಡ್ಡ ಸಾಹೇಬರ ಹೆಂಡತಿ ಆರಿಸಿದ್ದು. ಹಾಗಾಗಿ ಬಟ್ಟೆ ಬದಲಾಯಿತು. ಗಂಡಸರಿಗೆ ಹತ್ತಿಯ ಕೋಟು, ನನ್ನ ಗೆಳತಿಗೆ ಕಾರ್ಖಾನೆಯ ಲೆಕ್ಕದಲ್ಲಿ ಎರಡು ಹತ್ತಿ ಸೀರೆ.

ಆಕೆ ಆ ಸೀರೆ ಉಟ್ಟು ಬಂದ ದಿನವೇ ನಾನು ಹೆಡ್ ಕ್ಲಾರ್ಕರ ಮುಂದೆ ನಿಂತೆ.

"ನಮಗೂ ಕರೆಂಟ್ ಹೊಡ್ಯಾಕತ್ತೈತ್ರಿ."

"ಎಲ್ಲಿ?"

"ಟೈಪ್‌ರೈಟರಿನ್ಯಾಗರಿ. ಮುಟ್ಟಿದ ಕೂಡಲೇ ಜುಂ ಅಂತೈತಿ."

ಅವರು ಎಲೆಕ್ಟ್ರಿಷಿಯನ್‌ನನ್ನು ಕರೆಸಿದರು. ಅವನು ಟೈಪ್‌ರೈಟರ್ ಎತ್ತಿ ಹಿಂದೆ ನೋಡಿದ, ಮಗುಚಿ ಕೆಳಗೆ ನೋಡಿದ, ಟೇಬಲ್ಲಿನಡಿ ತೂರಿ ಹುಡುಕಿದ. ಆಮೇಲೆ ಇಡೀ ವಿಭಾಗಕ್ಕೆ ಕೇಳುವಂತೆ ಹೇಳಿದ:

"ಬಾಯಾರ, ಇದಕ್ಕ ವಾಯರ್ರ ಇಲ್ಲಲ್ರೀ!"

ಪೆಟ್ಟಿಗೆಯೊಳಗಿನ ಶಾಂತಿ

ಕಂಪ್ಯೂಟರಿನ ಪ್ರಿಂಟರ್ ಸದ್ದು ತಗಡಿನ ಮೇಲೆ ಕಲ್ಲು ಸುರಿದಂತೆ ಇತ್ತು. ಆ ಕೋಣೆಯವರ ಕಿವಿ ಹಾಳಾಗಬಾರದೆಂದು ಹಳಿಯಾಳದ ಬಡಿಗನನ್ನು ಕರೆಸಿ, ಒಳಗೆಲ್ಲ ಸ್ಪಂಜು ಮೆತ್ತಿದ ಸಾಗವಾನಿ ಪೆಟ್ಟಿಗೆ ಮಾಡಿಸಿ ಅದಕ್ಕೆ ಮುಚ್ಚಿದರು. ನಮ್ಮಲ್ಲಿ ಹತ್ತು ಟೈಪ್‌ರೈಟರ್ ಒಟ್ಟಿಗೆ ಬಡಿದುಕೊಳ್ಳುತ್ತಿದ್ದವು; ನಮ್ಮ ಕಿವಿ ಯಾರ ಲೆಕ್ಕದಲ್ಲೂ ಇರಲಿಲ್ಲ.

"ಈಗ ಪ್ರಿಂಟರ್ ನಡದದ್ದೂ ಗೊತ್ತಾಗಂಗಿಲ್ಲ ನೋಡವಾ," ಎಂದು ಆಕೆ ಹೇಳಿದಳು.

ನಿಜವಾಗಿಯೂ ಗೊತ್ತಾಗಲಿಲ್ಲ. ಒಂದು ದಿನ ಒಳಗೆ ಕಾಗದ ಸಿಕ್ಕಿಕೊಂಡು ಮಧ್ಯಾಹ್ನದವರೆಗೂ ಮುದ್ದೆಯಾಗುತ್ತಲೇ ಇತ್ತಂತೆ. ಮುಚ್ಚಳ ತೆಗೆದರೆ ಗಾದಿ ತುಂಬುವಷ್ಟು ಕಾಗದ. ಸುದ್ದಿ ಕೇಳಿ ನಾನು ನಮ್ಮ ವಿಭಾಗಕ್ಕೆಲ್ಲ ಚಹಾ ಕುಡಿಸಿದೆ. ಯಾಕೆಂದು ಕೇಳಿದವರಿಗೆ ನನ್ನ ಹುಟ್ಟಿದಹಬ್ಬ ಅಂದೆ. ಆ ವರ್ಷದ ಎರಡನೆಯದು.

ಬದಲಿ ಹೋದ ದಿನ

ಡಿಸೆಂಬರಿನಲ್ಲಿ ತಮ್ಮನ ಮದುವೆ ನಿಶ್ಚಯಕ್ಕೆಂದು ಆಕೆ ಮಳಗಿ ಊರಿಗೆ ಹೊರಟಳು. ಬದಲಿಗೆ ಮೂರು ದಿನ ನಾನು! ಕೋಣೆಯ ಇನ್‌ಚಾರ್ಜ್ ಸಾಹೇಬರು, "ಚಲೋ ಮಾಡಿದ್ರ ನಿಮ್ಮನ್ನೂ ಇಲ್ಲೇ ತೊಗೋತೇನಿ," ಅಂದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಗಂಜಿ ಹಾಕಿ ಇಸ್ತ್ರಿ ಮಾಡಿದ ಹತ್ತಿ ಸೀರೆ ಉಟ್ಟೆ. ಹತ್ತಿಯ ಲಂಗ ಮಾತ್ರ ಒಣಗಿರಲಿಲ್ಲ. ಒಳಗಿನದನ್ನು ಯಾರು ನೋಡುತ್ತಾರೆಂದು ನೈಲಾನಿನದೇ ಹಾಕಿಕೊಂಡೆ.

ಹನ್ನೊಂದು ಗಂಟೆಗೆ ದೊಡ್ಡ ಸಾಹೇಬರು ಇಬ್ಬರು ಅತಿಥಿಗಳನ್ನು ಕರೆದುಕೊಂಡು ಬಂದರು. ನಾನು ಕಾರ್ಪೆಟ್ ಮೇಲೆ ಬೇಕಿಲ್ಲದಿದ್ದರೂ ಮೂರು ಸಲ ಆಚೀಚೆ ಓಡಾಡಿ, "ಇದರೀ ಕಂಪ್ಯೂಟರ್," ಎಂದು ಎಮ್ಮೆಯ ಬೆನ್ನು ತಟ್ಟುವಂತೆ ತಟ್ಟಿದೆ.

ಚಟಕ್! ಯಂತ್ರ ನಿಂತಿತು.

"ಇರಲಿ, ಇರಲಿ, ಪ್ರಿಂಟ್ ಆದದ್ದು ತೋರಸ್ರಿ," ಎಂದು ದೊಡ್ಡ ಸಾಹೇಬರು ದೊಡ್ಡ ಮನಸ್ಸು ಮಾಡಿದರು. ಕಾಗದ ತರಲು ಮತ್ತೆ ಕೋಣೆಯ ಆ ತುದಿಗೆ ಹೋದೆ, ಸರಸರ ಬಂದೆ, ಅವರ ಕೈಗೆ ಕೊಟ್ಟೆ. ಬೆರಳಿಗೆ ಬೆರಳು ತಾಕಿತು. ಚಟಕ್! ದೊಡ್ಡ ಸಾಹೇಬರು "ಹಾ!" ಎಂದು ಹಿಂದಕ್ಕೆ ಜಿಗಿದು ಅತಿಥಿಗಳ ಕಾಲು ತುಳಿದರು.

ಇನ್‌ಚಾರ್ಜ್ ಸಾಹೇಬರ ಮುಖ ಬಿಳಿಚಿತು. "ಬಾಯಾರ, ಹತ್ತಿ ಬಟ್ಟಿ ಉಟ್ಟೀರಿಲ್ಲೋ?"

"ಉಟ್ಟೇನ್ರಿ."

"ಎಲ್ಲಾ ಹತ್ತೀದ?"

ನಾನು ಸೀರೆಯ ನೆರಿಗೆ ಸರಿಮಾಡತೊಡಗಿದೆ. ಬಾಗಿಲಲ್ಲಿ ಒದ್ದೆ ಬಟ್ಟೆ ಹಿಡಿದು ನಿಂತಿದ್ದ ನೆಲ ಒರೆಸುವಾಕೆ, ನಾವೆಲ್ಲ ಮಾವಶಿ ಎನ್ನುತ್ತಿದ್ದ ಜೋಯಿಡಾ ಕಡೆಯವಳು, ನನ್ನ ಮೇಲಿನ ಕನಿಕರದಿಂದಲೇ ಬಾಯಿ ಹಾಕಿದಳು:

"ಸೀರಿ ಹತ್ತೀದ ಐತ್ರೀ ಸಾಹೇಬ್ರ. ಒಳಗಿಂದು ಮುಂಜಾನಿಂದ ಚರಚರ ಅನ್ನಾಕತ್ತೈತಿ."

ಅತಿಥಿಗಳು ಗಡಿಬಿಡಿಯಿಂದ ಗೋಡೆಯ ಗಡಿಯಾರ ನೋಡತೊಡಗಿದರು.

ಮಧ್ಯಾಹ್ನದೊಳಗೆ ನನ್ನನ್ನು ಹಳೆಯ ಕುರ್ಚಿಗೆ ವಾಪಸ್ ಕಳಿಸಿದರು. ಸಂಜೆ ಇನ್‌ಚಾರ್ಜ್ ಸಾಹೇಬರಿಂದ ಒಂದು ಚೀಟಿ ಬಂತು, ಕೋಣೆಯ ಬಾಗಿಲಿಗೆ ಹಚ್ಚುವ ನೋಟೀಸು. ಕನ್ನಡ ಟೈಪ್‌ರೈಟರ್ ಇದ್ದದ್ದು ನನ್ನೊಬ್ಬಳ ಮುಂದೆ. ಹಲ್ಲು ಕಚ್ಚಿಕೊಂಡು ಮೂರು ಪ್ರತಿ ಹೊಡೆದೆ:

"ಒಳಗೆ ಬರುವವರು ಹತ್ತಿಯ ಬಟ್ಟೆಯನ್ನೇ ಧರಿಸತಕ್ಕದ್ದು. ಕಾಣುವುದೂ, ಕಾಣದ್ದೂ."